ತೆಗೆದ ಮೊಳೆ ವಾಪಸ್ ಕೇಸಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಓದುಗರ ಪತ್ರಗಳ ಜಾಗದಲ್ಲಿ ರಾಜಾಜಿನಗರದ ಹಿರಿಯರೊಬ್ಬರು ತಮ್ಮ ಮಗನ ಬಗ್ಗೆ ಬರೆದಿದ್ದರು. ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ರಾತ್ರಿ ಊಟ ಮುಗಿಸಿ ಮತ್ತೆ ಲ್ಯಾಪ್‌ಟಾಪ್ ತೆಗೆಯುತ್ತಾನೆ. ಆಫೀಸಿನ ಕೆಲಸ ಅಲ್ಲ, ಮುಖ ನೋಡದವರ ಜೊತೆ ಸೇರಿ ಪುಕ್ಕಟೆ ಮಾಡುವ ಕೆಲಸ. ಓಪನ್ ಸೋರ್ಸ್ ಅಂತೆ, ಯಾರು ಬೇಕಾದರೂ ಒಳಗೆ ನೋಡಿ, ತಿದ್ದಿ, ಬಳಸಬಹುದಾದ ಸಾಫ್ಟ್‌ವೇರಂತೆ, ಒಂದು ಪೈಸೆ ಹುಟ್ಟುವುದಿಲ್ಲವಂತೆ, ಇದೂ ಒಂದು ಚಟ ತಾನೇ ಎಂದು ಅವರ ಪ್ರಶ್ನೆ.

ಅದನ್ನು ಓದಿ ನನ್ನ ಹೆಂಡತಿ, "ಇದು ನೀವೇ ಬರೆದ ಹಾಗಿದೆಯಲ್ರೀ" ಎಂದಳು. ಹತ್ತು ವರ್ಷದ ಹಿಂದೆ ಆಗಿದ್ದರೆ ನಾನೇ ಬರೆಯುತ್ತಿದ್ದೆ. ಈಗ ಬರೆಯಲಾರೆ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ. ಉದ್ದ ಆಗಬಹುದು. ಕತ್ತರಿಸುವುದಾದರೆ ಬೇರೆ ಏನಾದರೂ ಕತ್ತರಿಸಿ, ರ್ಯ ಅಕ್ಷರದ ಬಗ್ಗೆ ಇರುವ ಪ್ಯಾರಾ ಒಂದನ್ನು ಮಾತ್ರ ಉಳಿಸಿ.

ನನಗೀಗ 71 ವರ್ಷ. ಎಸ್ಸೆಸ್ಸೆಲ್ಸಿ ಫೇಲಾಗಿ 1970ರಲ್ಲಿ ಕಾಟನ್‌ಪೇಟೆಯ ಒಂದು ಪ್ರೆಸ್ಸಿಗೆ ಸೇರಿದೆ. ಮೊದಲು ಕಸ ಗುಡಿಸುವುದು, ರೋಲರಿಗೆ ಇಂಕು ಹಚ್ಚುವುದು. ಆಮೇಲೆ ಕಂಪೋಸಿಟರ್. ಅಂದರೆ ಮೊಳೆ (ಸೀಸದಲ್ಲಿ ಎರಕ ಹೊಯ್ದ ಅಕ್ಷರ) ಜೋಡಿಸುವ ಕೆಲಸ. ಎಡಗೈಯಲ್ಲಿ ಸ್ಟಿಕ್ಕು ಅನ್ನೋ ಸಣ್ಣ ತಟ್ಟೆ, ಬಲಗೈಯಲ್ಲಿ ಕೇಸಿನಿಂದ, ಅಂದರೆ ಮನೆ ಮನೆ ಮಾಡಿದ ಪೆಟ್ಟಿಗೆಯಿಂದ, ಒಂದೊಂದೇ ಮೊಳೆ ಹೆಕ್ಕಿ ನಿಲ್ಲಿಸುವುದು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತೆ. ಇಂಗ್ಲಿಷಿನವರಿಗೆ ಎರಡು ಕೇಸು ಸಾಕು. ನಮಗೆ ಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ, ನೂರಾರು ಮನೆ. ಕಣ್ಣು ಮುಚ್ಚಿಕೊಂಡು ಯಾವ ಮನೆಯಲ್ಲಿ ಯಾವ ಒತ್ತು ಇದೆ ಅಂತ ಈಗಲೂ ಹೇಳುತ್ತೇನೆ, ಬೇಕಾದರೆ ಪರೀಕ್ಷೆ ಮಾಡಿ.

ಸವೆದ ಮೊಳೆಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದೆ. ಮಗಳಿಗೆ ಅದೇ ಆಟದ ಸಾಮಾನು. ಚಪಾತಿ ಹಿಟ್ಟಿನ ಮೇಲೆ ಒತ್ತಿ ಅಕ್ಷರ ಮೂಡಿಸುತ್ತಿದ್ದಳು. ಸೀಸ ಕಣ್ರೀ ಅದು, ಮಗು ಬಾಯಿಗೆ ಹಾಕ್ಕೊಂಡ್ರೆ ಏನು ಗತಿ ಅಂತ ಅವಳಮ್ಮ ಎಲ್ಲವನ್ನೂ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಒಂದನೇ ಕ್ಲಾಸಿನಲ್ಲಿ ಹುಡುಗಿ ಅ, ಆ, ಇ, ಈ ಎಲ್ಲವನ್ನೂ ಉಲ್ಟಾ ಬರೆಯುತ್ತಿದ್ದಳು. ಮೇಡಂ ನನ್ನನ್ನು ಕರೆಸಿ, ಡಾಕ್ಟರಿಗೆ ತೋರಿಸಿ ಎಂದರು. ಪ್ರೆಸ್ಸಿನಲ್ಲಿ ನನ್ನ ಕೆಲಸ ಏನು ಅಂತ ಹೇಳಿದ ಮೇಲೆ ನಕ್ಕು ಬಿಟ್ಟು ಕಳಿಸಿದರು.

1994ರಲ್ಲಿ ನಮ್ಮ ಪ್ರೆಸ್ಸಿಗೆ ಕಂಪ್ಯೂಟರು, ಲೇಸರ್ ಪ್ರಿಂಟರು ಬಂತು. ಮೊಳೆಗಳನ್ನು ತೂಕಕ್ಕೆ ಹಾಕಿದರು. ಗೋಣಿಚೀಲದಲ್ಲಿ ತುಂಬಿ ಗುಜರಿಯವನ ಗಾಡಿಗೆ ಎತ್ತಿ ಕೊಟ್ಟಿದ್ದು ನಾನೇ. 24 ವರ್ಷ ಜೋಡಿಸಿ ಬಿಚ್ಚಿದ ಮೊಳೆ ಅದು. ಆಮೇಲೆ ಡಿಟಿಪಿ ಅಂಗಡಿಗಳಿಗೆ ಅಲೆದು ಪ್ರೂಫ್ ನೋಡಿ ಜೀವನ ಮಾಡಿದೆ. ಕಂಪ್ಯೂಟರ್ ಅಂದರೆ ಹೊಟ್ಟೆ ಉರಿಯುತ್ತಿತ್ತು. ಮಗಳು ಅದನ್ನೇ ಓದುತ್ತೇನೆ ಎಂದಾಗ ಫೀಸು ಕಟ್ಟಿದೆ, ಮಾತು ಮಾತ್ರ ಕಮ್ಮಿ ಮಾಡಿದೆ.

ಅವಳು ಇಂಜಿನಿಯರಿಂಗ್ ಓದುವಾಗ, 2006 ಇರಬೇಕು, ಪೋಸ್ಟ್‌ಮ್ಯಾನ್ ವಿದೇಶದಿಂದ ಬಂದ ಒಂದು ಕವರು ಕೊಟ್ಟ. ಒಳಗೆ ಉಬುಂಟು ಅನ್ನೋ ಹೆಸರಿನ ಸಿಡಿಗಳು, ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಂತೆ. ಎಷ್ಟು ದುಡ್ಡು ಎಂದೆ. "ಫ್ರೀ ಅಪ್ಪ, ಕೇಳಿದವರಿಗೆಲ್ಲ ಕಳಿಸ್ತಾರೆ. ಪೋಸ್ಟೇಜೂ ಅವರದೇ." ನಾನು ನಂಬಲಿಲ್ಲ. ಪುಕ್ಕಟೆ ಕೊಡುವವನು ಆಮೇಲೆ ಏನನ್ನೋ ಕೇಳೇ ಕೇಳುತ್ತಾನೆ ಅಂತ ಒಂದು ತಿಂಗಳು ಕಾದೆ. ಯಾರೂ ಬರಲಿಲ್ಲ.

ಆಗ ನಮ್ಮ ಊರಲ್ಲಿ ಫಾಸ್ ಡಾಟ್ ಇನ್ ಅನ್ನೋ, ಓಪನ್ ಸೋರ್ಸ್ ಮಾಡುವವರ ಸಮ್ಮೇಳನ ಆಗುತ್ತಿತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಶುರುವಾಗಿ 2005ರಲ್ಲಿ ಹೆಸರು ಬದಲಾಯಿಸಿಕೊಂಡದ್ದು. 2012ರ ನಂತರ ನಿಂತುಹೋಯಿತು. ಒಂದು ವರ್ಷ ಅದಕ್ಕೆ ಅಂತ ಬಂದ ಜರ್ಮನಿಯ ಹುಡುಗನೊಬ್ಬನನ್ನು ಮಗಳು ಊಟಕ್ಕೆ ಕರೆದುಕೊಂಡು ಬಂದಳು. ಕಾರ್ತಿಕದ ಕೊನೆ ಸೋಮವಾರ. ನನ್ನ ಹೆಂಡತಿ ಅವನನ್ನು ಬಸವನಗುಡಿ ಕಡಲೆಕಾಯಿ ಪರಿಷೆಗೆ ಎಳೆದುಕೊಂಡು ಹೋದಳು. ಇವಳಿಗೆ ಇಂಗ್ಲಿಷ್ ಬರಲ್ಲ, ಅವನಿಗೆ ಕನ್ನಡ ಬರಲ್ಲ. ಮೂರು ಸೇರು ಕಡಲೆಕಾಯಿ, ಒಂದು ಪೀಪಿ ತಗೊಂಡು ಇಬ್ಬರೂ ನಗ್ತಾ ವಾಪಸ್ ಬಂದರು. ಆ ಹುಡುಗ ಊಟ ಸರಿಯಾಗಿ ಮಾಡ್ತಿದ್ದಾನಾ ಅಂತ ಈಗಲೂ ಕೇಳುತ್ತಿರುತ್ತಾಳೆ. ಅವನಿಗೆ ಈಗ ತಲೆ ಬೋಳಾಗಿದೆಯಂತೆ.

ಇಷ್ಟೆಲ್ಲ ಆದರೂ ನನಗೆ ಒಳಗೊಳಗೇ ಸಿಟ್ಟು. ಕೆಲಸಕ್ಕೆ ಸೇರಿ, ಮದುವೆಯಾಗಿ, ಮಗುವಾಗಿ, ನಮ್ಮ ಶ್ರೀನಗರದ ಮನೆಯ ಮಹಡಿಯಲ್ಲೇ ಸಂಸಾರ ಹೂಡಿದ ಮೇಲೂ ಅವಳು ರಾತ್ರಿ ಈ ಕೆಲಸ ಬಿಡಲಿಲ್ಲ. ಪ್ರೆಸ್ಸಿನಲ್ಲಿ ಓವರ್‌ಟೈಮ್ ದುಡ್ಡಿಗಾಗಿ ಮಾಲೀಕರ ಬಾಗಿಲಲ್ಲಿ ಎಷ್ಟು ಸಲ ನಿಂತಿದ್ದೇನೆ ನಾನು. ನನ್ನ ಮಗಳು ದುಡ್ಡು ತಗೊಳ್ಳದೆ ದುಡಿಯುತ್ತಾಳೆ ಅಂದರೆ ನನಗೆ ಅವಮಾನ ಆದ ಹಾಗೆ ಆಗುತ್ತಿತ್ತು. ಏನು ಮಾಡುತ್ತಿದ್ದಾಳೆ ಅಂತ ಒಂದು ದಿನವೂ ಕೇಳಲಿಲ್ಲ.

ಕೇಳಿದ್ದು 2020ರಲ್ಲಿ. ಲಾಕ್‌ಡೌನ್. ವಾಕಿಂಗ್ ಇಲ್ಲ, ಪೇಪರು ಸಹ ಮುಟ್ಟಬಾರದು ಅಂತ ಯಾರೋ ಹೆದರಿಸಿದ್ದರು. ಮೊಮ್ಮಗಳನ್ನು ಆಡಿಸೋಕೆ ಮೇಲೆ ಹೋದವನು ಸುಮ್ನೆ ಮಗಳ ಬೆನ್ನ ಹಿಂದೆ ನಿಂತೆ. ಪರದೆ ತುಂಬ ಕನ್ನಡ. ನಾನು ಇಂಗ್ಲಿಷ್ ಇರುತ್ತೆ ಅಂದುಕೊಂಡಿದ್ದೆ! ಮೇಲಿನ ಸಾಲಿನಲ್ಲಿ ‘ರಾಷ್ಟ್ರ’ ಇತ್ತು, ಅದರ ಕೆಳಗಿನ ಸಾಲಿನಲ್ಲಿ ‘ಕೀಲಿ’. ರಾಷ್ಟ್ರದ ರ ಒತ್ತು ಕೆಳಗಿಳಿದು ಕೀಲಿಯ ಗುಡಿಸಿಗೆ ತಾಗುತ್ತಿತ್ತು.

"ಒಂದು ಲೆಡ್ ಜಾಸ್ತಿ ಹಾಕು" ಎಂದೆ.

ಮಗಳು ತಿರುಗಿ ನೋಡಿದಳು. ಲೆಡ್ ಅಂದರೆ ಎರಡು ಸಾಲಿನ ನಡುವೆ ಇಡುವ ಸೀಸದ ಪಟ್ಟಿ. ಅವಳ ಕಂಪ್ಯೂಟರಿನಲ್ಲೂ ಸಾಲುಗಳ ನಡುವಿನ ಜಾಗಕ್ಕೆ ಲೆಡ್ಡಿಂಗ್ ಅಂತಲೇ ಹೆಸರಂತೆ. ಸೀಸ ಹೋಯಿತು, ಹೆಸರು ಉಳಿಯಿತು. ಪಾಯಿಂಟು, ಫಾಂಟು ಎಲ್ಲ ನಮ್ಮವೇ. ಅವಳು ಕೇಳಿದಳು, "ಒತ್ತೇ ಸ್ವಲ್ಪ ಚಿಕ್ಕದು ಮಾಡಿದ್ರೆ?" ಮಾಡಬಹುದು, ಆದರೆ ಹತ್ತು ಪಾಯಿಂಟಿನಲ್ಲಿ ಮಸಿ ತುಂಬಿಕೊಂಡು ಒತ್ತಿನ ಹೊಟ್ಟೆ ಮುಚ್ಚಿಹೋಗುತ್ತೆ ಎಂದೆ. ಅವತ್ತು ರಾತ್ರಿ ಹನ್ನೊಂದೂವರೆಯಾದರೂ ನಾನು ಕೆಳಗೆ ಬರಲಿಲ್ಲ. ಹೆಂಡತಿ ಮಾತ್ರೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

ಆಮೇಲೆ ಗೊತ್ತಾಯಿತು. ಅವಳು ಇಷ್ಟು ವರ್ಷ ಮಾಡುತ್ತಿದ್ದದ್ದು ಕನ್ನಡ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ನಿಲ್ಲಿಸುವ ಕೆಲಸ. ನನ್ನ ಕೆಲಸವನ್ನೇ. ಅಪ್ಪನಿಗೆ ಹೇಳಿದರೆ ಹಳೇದು ನೆನಪಾಗಿ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲವಂತೆ.

ಅಂದಿನಿಂದ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಎರಡು ಗಂಟೆ ನಾನು ಅವಳ ಪ್ರೂಫ್‌ರೀಡರ್. ಪರದೆಯ ಮೇಲೆ ನೋಡಲು ನನಗೆ ಆಗುವುದಿಲ್ಲ. ಪ್ರಿಂಟ್ ತೆಗೆದು ಕೊಡುತ್ತಾಳೆ. ಕೆಂಪು ಇಂಕಿನಲ್ಲಿ ಹಳೆಯ ಪ್ರೂಫ್ ಗುರುತುಗಳನ್ನೇ ಹಾಕುತ್ತೇನೆ. ಅವಳು ಅದರ ಫೋಟೋ ತೆಗೆದು ತಪ್ಪಿನ ವರದಿ ಜೊತೆ ಸೇರಿಸುತ್ತಾಳೆ. ತಪ್ಪಿಗೆ ಅವರು ಬಗ್ ಅನ್ನುತ್ತಾರೆ, ಹುಳ ಅಂತ ಅರ್ಥ. ಒಂದು ಸಲ ಹೊರದೇಶದವರೊಬ್ಬರು ಈ ಕೆಂಪು ಸುರುಳಿ ಕನ್ನಡದ ಯಾವ ಅಕ್ಷರ ಎಂದು ಕೇಳಿದರು. ಅದು ‘ಇದನ್ನು ತೆಗೆ’ ಅನ್ನುವ ಗುರುತು! ಕೇರಳದಿಂದ ಒಬ್ಬ ಹುಡುಗ ಬರೆಯುತ್ತಿರುತ್ತಾನೆ. ಅಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗ ಮಲಯಾಳಕ್ಕೆ ಇದೇ ಕೆಲಸವನ್ನು ಎಷ್ಟೋ ವರ್ಷದಿಂದ ಮಾಡುತ್ತಿದೆ. ನಮ್ಮಲ್ಲೂ ಗುಬ್ಬಿ, ನವಿಲು ಅಂತ ಮುದ್ದಾದ ಹೆಸರಿನ ಮುಕ್ತ ಫಾಂಟುಗಳಿವೆ.

ಕಂಪ್ಯೂಟರಿನೊಳಗೆ ಮೊಳೆ ಜೋಡಿಸುವವರು ಯಾರು ಅನ್ನುವುದು ನನ್ನ ದೊಡ್ಡ ಅನುಮಾನವಾಗಿತ್ತು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಜಾಗ ಗೊತ್ತು ಮಾಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟಿದ್ದಾರೆ. ಎಲ್ಲವೂ ತುಂಬಿಲ್ಲ. ಒತ್ತಕ್ಷರಕ್ಕೆ ಬೇರೆ ಮನೆಯೇ ಇಲ್ಲ! ಅಕ್ಕ ಅಂತ ಬರೆಯಲು ಅ, ಕ, ಒಂದು ಹಲಂತ (ಅರ್ಧಾಕ್ಷರ ಮಾಡುವ ಗುರುತು), ಮತ್ತೆ ಕ. ಎರಡನೆಯ ಕ ತಾನಾಗಿ ಒತ್ತಾಗಿ ಕೆಳಗೆ ಹೋಗಿ ಕೂರಬೇಕು. ಕೂರಿಸುವವರು ಯಾರು? ಹಾರ್ಫ್‌ಬಜ್ ಅನ್ನೋ ಒಂದು ಸಾಫ್ಟ್‌ವೇರ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಅದೇ ಇದೆ. ಶುರು ಮಾಡಿದವರು ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೋದ್. ಪರ್ಷಿಯನ್‌ನಲ್ಲಿ ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದದ್ದು. ಅದೂ ಓಪನ್ ಸೋರ್ಸೇ. ನನ್ನ ಕೆಲಸ ಕಿತ್ತುಕೊಂಡವನ ಹೆಸರು ಗೊತ್ತಾಗಲು ನನಗೆ 26 ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿತ್ತು. ಒತ್ತನ್ನು ಚೆನ್ನಾಗಿಯೇ ಕೂರಿಸುತ್ತಾನೆ, ಹೇಳಬೇಕು.

ಇನ್ನು ಪುಕ್ಕಟೆ ಅನ್ನುವ ಮಾತು. ರಾಜಾಜಿನಗರದ ಹಿರಿಯರಿಗೆ ನಮ್ಮ ಪ್ರೆಸ್ಸಿನ ಭಾಷೆಯಲ್ಲೇ ಹೇಳುತ್ತೇನೆ. ಅಚ್ಚು ಮುಗಿದ ಮೇಲೆ ಜೋಡಿಸಿದ ಪುಟವನ್ನು ಬಿಚ್ಚಬೇಕು. ಒಂದೊಂದು ಮೊಳೆಯನ್ನೂ ತೊಳೆದು ಅದರದರ ಮನೆಗೆ ವಾಪಸ್ ಹಾಕಬೇಕು. ಅದಕ್ಕೆ ಡಿಸ್ಟ್ರಿಬ್ಯೂಷನ್ ಅಂತಿದ್ದೆವು. ಎಲ್ಲರಿಗೂ ಬೇಜಾರಿನ ಕೆಲಸ. ಆದರೆ ಅದನ್ನು ಮಾಡದೆ ಹೋದರೆ ನಾಳೆ ಬೆಳಿಗ್ಗೆ ಬರುವವನಿಗೆ ಮೊಳೆ ಇಲ್ಲ. ಕ ಮನೆಗೆ ತ ಹಾಕಿದರೆ ಮುಂದಿನವನ ಪುಟವೆಲ್ಲ ತಪ್ಪು. ನಮ್ಮ ಫೋರ್‌ಮನ್ ಕಪಾಳಕ್ಕೆ ಹೊಡೆದು ಕಲಿಸಿದ ಪಾಠ ಇದೊಂದೇ. ನಿಮ್ಮ ಮಗ ರಾತ್ರಿ ಕೂತು ಮಾಡುತ್ತಿರುವುದು ಅದನ್ನೇ. ಹಗಲು ಕಂಪನಿಯಲ್ಲಿ ಯಾರೋ ಮಾಡಿಟ್ಟ ಮೊಳೆ ತೆಗೆದು ಜೋಡಿಸಿ ಸಂಬಳ ತಗೊಳ್ಳುತ್ತಾನೆ. ರಾತ್ರಿ ತೊಳೆದು ವಾಪಸ್ ಹಾಕುತ್ತಾನೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬಿಟ್ಟುಕೊಟ್ಟ ಲಿನಕ್ಸ್ ಅನ್ನೋ, ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿದೆ. ನೀವು ಆ ಫೋನಿಗೆ ದುಡ್ಡು ಕೊಟ್ಟಿರಿ, ಲಿನಕ್ಸಿಗೆ ಅಂತ ಬೇರೆ ಕೊಟ್ಟಿರಾ? ಇನ್ನೊಂದು ವಿಷಯ. ಬರೀ ಮೊಳೆ ಕೊಡುವುದು ಬೇರೆ, ಮೊಳೆ ಎರಕ ಹೊಯ್ಯುವ ಅಚ್ಚನ್ನೇ ಕೊಟ್ಟುಬಿಡುವುದು ಬೇರೆ. ಇವರು ಅಚ್ಚನ್ನೇ ಕೊಡುತ್ತಾರೆ. ನಮ್ಮ ಕಾಲದಲ್ಲಿ ಮೊಳೆ ಫೌಂಡ್ರಿಯವರು ಸತ್ತರೂ ಅದನ್ನು ಕೊಡುತ್ತಿರಲಿಲ್ಲ.

ಈಗ ರ್ಯ ಅಕ್ಷರದ ವಿಷಯ. ಸೂರ್ಯ, ಕಾರ್ಯ ಬರೆಯುವಾಗ ಯ ಪಕ್ಕದಲ್ಲಿ ಅರ್ಕಾವೊತ್ತು ಬರುತ್ತದೆ. ಸರಿ. ಆದರೆ ಪರೀಕ್ಷೆಯಲ್ಲಿ ಹುಡುಗಿ ತಗೊಂಡ ಇಂಗ್ಲಿಷಿನ rank ಅನ್ನು ಹಾಗೆ ಬರೆಯಬಾರದು. ಪೂರ್ತಿ ರ ಬರೆದು ಅದಕ್ಕೆ ಯ ಒತ್ತು ಕೊಡಬೇಕು: ರ‍್ಯಾಂಕ್. ಅರ್ಕಾವೊತ್ತು ಹಾಕಿದರೆ ‘ರ್ಯಾಂಕ್’ ಆಗುತ್ತದೆ. ಪದದ ಮೊದಲಲ್ಲೇ ಅರ್ಕಾವೊತ್ತು, ನೋಡಿದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ. ಮೊಳೆಯಲ್ಲಿ ಎರಡಕ್ಕೂ ಎರಡು ಮನೆ ಇತ್ತು, ಗೊಂದಲವೇ ಇರಲಿಲ್ಲ. ಕಂಪ್ಯೂಟರಿನಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಗುರುತು ಹಾಕಿ, ಆಮೇಲೆ ಹಲಂತ, ಆಮೇಲೆ ಯ ಹಾಕಬೇಕು. ಅದನ್ನು ಒತ್ತುವುದು ಹೇಗೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ತಪ್ಪೇ ಓಡುತ್ತಿದೆ. ರ‍್ಯಾಲಿಗೂ ಇದೇ ಗತಿ. ನಾನು ಮಗಳ ತಲೆ ತಿಂದು ಇದರ ಮೇಲೆ ಮೂರು ತಿಂಗಳು ಕೂರಿಸಿದೆ. ಅವಳು ನೋಡಿಕೊಳ್ಳುವ ಕನ್ನಡ ಟೈಪಿಂಗ್ ಕೀಲಿಮಣೆಯಲ್ಲಿ ಈಗ ರ ಒತ್ತಿ ಹಿಡಿದರೆ ಎರಡೂ ರೂಪ ತೋರಿಸುತ್ತದೆ, ಬೇಕಾದ್ದು ಆರಿಸಿಕೊಳ್ಳಬಹುದು. ಈ ಪ್ಯಾರಾದಲ್ಲಿ ಎರಡನ್ನೂ ಬರೆದಿದ್ದೇನೆ. ಅಚ್ಚಾದಾಗ ಎರಡೂ ಒಂದೇ ಥರ ಕಂಡರೆ ತಪ್ಪು ನನ್ನದಲ್ಲ.

ಎಲ್ಲ ಸಿಹಿಯೇ ಅಂತ ಹೇಳುತ್ತಿಲ್ಲ. ಒಂದು ಸಲ ಅವಳು ಪರದೆ ನೋಡುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾರೋ ಒಬ್ಬ, ಇಷ್ಟು ದಿನದಿಂದ ಇದನ್ನು ಸರಿ ಮಾಡಿಲ್ಲ, ನಾಚಿಕೆ ಆಗಲ್ವಾ ಅಂತ ಬರೆದಿದ್ದ. ಪುಕ್ಕಟೆ ಊಟಕ್ಕೆ ಬಂದವನು ಉಪ್ಪು ಕಮ್ಮಿ ಅಂತ ಎಲೆ ಎಸೆದ ಹಾಗೆ. ಅವನ ವಿಳಾಸ ಕೊಡು ಎಂದೆ. ನಕ್ಕಳು. ನಗುವ ವಿಷಯ ಅಲ್ಲ ಅಂತ ಆಮೇಲೆ ಅವಳೇ ಒಂದು ಕಥೆ ಹೇಳಿದಳು. ಎಕ್ಸ್‌ಝಡ್ ಅಂತ ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ಸಾಫ್ಟ್‌ವೇರ್. ವರ್ಷಾನುಗಟ್ಟಲೆ ಅದನ್ನು ನೋಡಿಕೊಂಡಿದ್ದವರು ಒಬ್ಬರೇ, ಸಂಬಳವಿಲ್ಲದೆ. ಅವರು ದಣಿದಿದ್ದಾಗ ಕೆಲವರು ಬೇಗ ಮಾಡಿ, ಇಲ್ಲ ಬಿಟ್ಟುಕೊಡಿ ಅಂತ ಒತ್ತಾಯ ಹೇರಿದರು. ಸಹಾಯದ ನೆಪದಲ್ಲಿ ಒಳಗೆ ಬಂದವರು ನಿಧಾನಕ್ಕೆ ನಂಬಿಕೆ ಗಳಿಸಿ ಒಂದು ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್ ಕೊನೆಗೆ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಅದನ್ನು ಹಿಡಿದುಹಾಕಿದರು. ಹೇಗೆ? ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಅನುಮಾನ ಬಂದು. ಅರ್ಧ ಸೆಕೆಂಡು! ಅವರು ಸಿಕ್ಕಿದರೆ ನಮ್ಮ ಕಾಲದ ಯಾವ ಪ್ರೆಸ್ಸಿನಲ್ಲಾದರೂ ಪ್ರೂಫ್ ವಿಭಾಗಕ್ಕೆ ತಗೊಳ್ಳುತ್ತಿದ್ದರು.

ಹಿರಿಯರ ದೂರಿನಲ್ಲಿ ಒಂದು ಮಾತು ನಿಜ. ಮನೆಯವರಿಗೆ ಕಮ್ಮಿ ಬೀಳುತ್ತದೆ. ಒಂದು ವರ್ಷ ಗೌರಿ ಹಬ್ಬದ ಹಿಂದಿನ ರಾತ್ರಿ ಹೊಸ ಆವೃತ್ತಿಯ ಬಿಡುಗಡೆ ಅಂತ ಬೆಳಗಿನ ಜಾವದವರೆಗೆ ಕೂತಳು. ಮರುದಿನ ಅವಳಮ್ಮ ಬಾಗಿನ ಇಟ್ಟುಕೊಂಡು ಹನ್ನೆರಡರವರೆಗೆ ಕಾದಳು. ಮಗಳು ಎದ್ದು ಬಂದಾಗ ಇವಳು ಮಾತಾಡಲಿಲ್ಲ. ಮೂರು ದಿನ ಮಾತಾಡಲಿಲ್ಲ. ಆಗಿನಿಂದ ಒಂದು ಒಪ್ಪಂದ ಇದೆ. ಬಿಡುಗಡೆಯ ದಿನವನ್ನು ಒಂಟಿಕೊಪ್ಪಲ್ ಪಂಚಾಂಗ ನೋಡಿ ನನ್ನ ಹೆಂಡತಿ ಗೊತ್ತು ಮಾಡುತ್ತಾಳೆ. ಹಬ್ಬದ ದಿನ ಇಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಆಗಲೂ ಇಲ್ಲ. ಶುಕ್ರವಾರ ಬಿಡುಗಡೆ ಮಾಡಿದರೆ ಶನಿವಾರ ಭಾನುವಾರ ಹಾಳು ಅಂತ ಇಂಜಿನಿಯರುಗಳಲ್ಲೂ ಒಂದು ನಂಬಿಕೆ ಇದೆಯಂತೆ. ಆ ವಿಷಯದಲ್ಲಿ ಅತ್ತೆ, ಅಳಿಯ, ಮಗಳು ಮೂವರಿಗೂ ಒಮ್ಮತ.

ಅಳಿಯ ಬೇರೆ ಕಂಪನಿಯಲ್ಲಿ ಡೇಟಾಬೇಸ್, ಅಂದರೆ ಮಾಹಿತಿ ಜೋಡಿಸಿಡುವ ಸಾಫ್ಟ್‌ವೇರ್, ನೋಡಿಕೊಳ್ಳುತ್ತಾರೆ. ಊಟದ ಹೊತ್ತಿಗೆ ಅವರೇ ಹೇಳಿದ್ದು. ಮೈ ಎಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನ ಹೆಸರಿನಲ್ಲಿ ಆ ‘ಮೈ’ ಅಂದರೆ ಇಂಗ್ಲಿಷಿನ ‘ನನ್ನ’ ಅಲ್ಲ. ಅದನ್ನು ಮಾಡಿದ ಮೈಕೆಲ್ ವಿಡೆನಿಯಸ್ ಅವರ ಮಗಳ ಹೆಸರು. ಆಮೇಲೆ 2009ರಲ್ಲಿ ಅವರು ಅದರಿಂದ ಕವಲೊಡೆಸಿದ ಮಾರಿಯಾಡಿಬಿಗೆ ಕಿರಿ ಮಗಳು ಮಾರಿಯಾಳ ಹೆಸರು. ಡೆಬಿಯನ್ ಅನ್ನುವ ಲಿನಕ್ಸ್ ವ್ಯವಸ್ಥೆಯ ಹೆಸರು 1993ರಲ್ಲಿ ಅದನ್ನು ಶುರು ಮಾಡಿದ ಇಯಾನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರನ್ನು ತನ್ನ ಹೆಸರಿಗೆ ಹೊಲಿದದ್ದು. ನಾನು ಮಗಳಿಗೆ, ನೀನು ಆ ಕೀಲಿಮಣೆಗೆ ಅಮ್ಮನ ಹೆಸರಿಡೇ ಎಂದೆ. ಅವಳಮ್ಮ ಹುಳಿ ಬಡಿಸುತ್ತಾ, "ಅದು ಕೆಟ್ಟಾಗೆಲ್ಲ ಊರೋರು ನನ್ನ ಹೆಸರು ಹಿಡಿದು ಬೈಲಿ ಅಂತಾನಾ?" ಎಂದಳು. ಅಲ್ಲಿಗೆ ಮುಗಿಯಿತು.

ಸಂಪಾದಕರೇ, ಕೊನೆಗೆ ನಿಮ್ಮಲ್ಲೇ ಒಂದು ಕೇಳಿಕೆ. ನಿಮ್ಮ ಪತ್ರಿಕೆಯ ತಲೆಬರಹಕ್ಕೆ ನಿಮ್ಮದೇ ಆದ ಅಕ್ಷರ ಇದೆ. ಒಳ್ಳೆಯ ಅಕ್ಷರ, ಹೊಟ್ಟೆ ದುಂಡಗೆ, ತಲೆಕಟ್ಟು ಚಪ್ಪಟೆ. ಅದನ್ನು ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಡಬಹುದಲ್ವಾ? ಆ ನಿಯಮದ ಪ್ರಕಾರ ಯಾರೂ ಫಾಂಟನ್ನೇ ಬಿಡಿಯಾಗಿ ಮಾರಿಕೊಳ್ಳುವಂತಿಲ್ಲ, ಬಳಸಬಹುದು, ತಿದ್ದಬಹುದು. ಅದು ಆಗದಿದ್ದರೆ ನಿಮ್ಮ ಗೋಡೌನಿನಲ್ಲಿ ಹಳೆಯ ಮೊಳೆ ನಮೂನೆಯ ಹಾಳೆಗಳು, ಮರದ ಮೊಳೆಗಳು ಉಳಿದಿದ್ದರೆ ಗುಜರಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ನಾನು ಮಗಳನ್ನು ಕರೆದುಕೊಂಡು ಬರುತ್ತೇನೆ. ಹಳೆಯ ಳ ಒತ್ತಿನ ಒಂದು ಒಳ್ಳೆಯ ಆಕಾರ ಎಲ್ಲೂ ಸಿಗದೆ ಅವಳು ಹುಡುಕುತ್ತಿದ್ದಾಳೆ. ಹಾರ್ಲಿಕ್ಸ್ ಬಾಟಲಿಯನ್ನು ಅಟ್ಟದಿಂದ ಇಳಿಸಿ ನೋಡಿದೆವು, ಅದರಲ್ಲಿದ್ದದ್ದು ಪೂರ್ತಿ ಸವೆದುಹೋಗಿದೆ.

ರಾಜಾಜಿನಗರದ ಹಿರಿಯರು ಭಾನುವಾರ ಬಿಡುವಾಗಿದ್ದರೆ ಮಗನ ಹಿಂದೆ ಹೋಗಿ ಸುಮ್ನೆ ಐದು ನಿಮಿಷ ನಿಲ್ಲಲಿ. ಏನೂ ಅರ್ಥವಾಗದಿದ್ದರೆ ಕಾಫಿ ಕೊಟ್ಟು ಬರಲಿ.

ಈ ಪತ್ರ ಅಚ್ಚಾದ ದಿನ ನಾನು ಮೊದಲು ಆ ರ‍್ಯಾಂಕನ್ನೇ ನೋಡುವುದು. ಕೆಂಪು ಪೆನ್ನಿಗೆ ರೀಫಿಲ್ ಹಾಕಿಸಿಟ್ಟಿದ್ದೇನೆ.

ಇತಿ ನಿಮ್ಮ ಹಳೆಯ ಓದುಗ,
ಒಬ್ಬ ನಿವೃತ್ತ ಕಂಪೋಸಿಟರ್,
ಶ್ರೀನಗರ, ಬೆಂಗಳೂರು